ಕನ್ನಡಕದ ಅಂಗಡಿ: ಮಾಲೀಕರಿಗೆ ಹಿಡಿಸಿದ ಫ್ರೇಮು ಗಿರಾಕಿಗೆ ಯಾಕೆ ಕೂರಲ್ಲ?

ಹಾವೇರಿ: ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಸೇಲ್ಸ್‌ನವರು ಬಂದು ಟ್ರೇ ಬಿಚ್ತಾರೆ. ಅಂಗಡಿಯವರು ಒಂದೊಂದೇ ಫ್ರೇಮು ಎತ್ತಿ, ಕನ್ನಡಿ ಮುಂದೆ ತಮ್ಮ ಮುಖಕ್ಕೇ ಇಟ್ಟು ನೋಡ್ತಾರೆ. ಚೆಂದ ಕಂಡದ್ದು ಅಂಗಡಿ ಒಳಗೆ, ಉಳಿದದ್ದು ವಾಪಸ್. ಎಡವಟ್ಟು ಆಗೋದು ಇಲ್ಲೇ.

ಲೆಕ್ಕಕ್ಕೆ ಹೇಳೋದಾದ್ರೆ, 400 ರೂಪಾಯಿಯಂತೆ 150 ಫ್ರೇಮು ತಂದು, ಅದರಲ್ಲಿ 50 ಗೋಡೆ ಮೇಲೇ ಉಳಿದರೆ 20,000 ರೂಪಾಯಿ ಧೂಳು ತಿಂದಂತೆ. ಸಣ್ಣ ಅಂಗಡಿಗೆ ಇದೇನು ಕಡಿಮೆ ದುಡ್ಡಲ್ಲ.

ಮೊದಲು ಅಳತೆ. ಫ್ರೇಮಿನ ಕಡ್ಡಿ ಒಳಗೆ 52-18-140 ಅಂತ ಸಣ್ಣಗೆ ಬರೆದಿರುತ್ತೆ. ಲೆನ್ಸಿನ ಅಗಲ, ಮೂಗಿನ ಮೇಲಿನ ಅಂತರ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರ್‌ನಲ್ಲಿ. ಸಪೂರ ಮುಖದ ಮಾಲೀಕರು ತಮಗೆ ಸರಿಹೊಂದುವ 48ರ ಸೈಜನ್ನೇ ತುಂಬಿಸಿದರೆ, ಅಗಲ ಮುಖದವರಿಗೆ ಕಡ್ಡಿ ಹಣೆಯ ಪಕ್ಕ ಒತ್ತುತ್ತೆ. ಅವರು ನಾಲ್ಕು ದಿನ ಹಾಕಿ, ತೆಗೆದು ಪೆಟ್ಟಿಗೆಯಲ್ಲಿಡ್ತಾರೆ. ದುಡ್ಡು ಕೊಟ್ಟೂ ಕಣ್ಣು ಕಾಣಲ್ಲ.

ನಂಬರಿನದ್ದೂ ಹೀಗೇ. ಮೈನಸ್ 6 ಇದ್ದವರಿಗೆ ದೊಡ್ಡ ಫ್ರೇಮು ಕೊಟ್ಟರೆ ಲೆನ್ಸಿನ ಅಂಚು ದಪ್ಪಗೆ ಹೊರಗೆ ಕಾಣುತ್ತೆ. 40 ದಾಟಿದವರು ಪ್ರೋಗ್ರೆಸಿವ್ ಕೇಳಿದರೆ, ಎತ್ತರ ಕಮ್ಮಿ ಇರೋ ಫ್ರೇಮಿನಲ್ಲಿ ಓದುವ ಭಾಗಕ್ಕೆ ಜಾಗವೇ ಸಾಲಲ್ಲ.

ಇನ್ನು ಕೆಲಸ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳಿಗೆ, ರಾಣೆಬೆನ್ನೂರು ಕಡೆ ಬೀಜೋತ್ಪಾದನೆ ಹೊಲದಲ್ಲಿ ಹೂವಿಗೆ ಕ್ರಾಸಿಂಗ್ ಮಾಡೋರಿಗೆ ದಿನಪೂರ್ತಿ ತಲೆ ಬಗ್ಗಿಸಿಯೇ ಕೆಲಸ. ಬೆವರಿಗೆ ದಪ್ಪ ಪ್ಲಾಸ್ಟಿಕ್ ಫ್ರೇಮು ಮೂಗಿನಿಂದ ಜಾರುತ್ತೆ. ಇವರಿಗೆ ಬೇಕಿರೋದು ಹಗುರದ, ಮೂಗಿನ ಪ್ಯಾಡ್ ಹೊಂದಿಸಬಹುದಾದ ಫ್ರೇಮು. ಇಂಥದ್ದು ಮಾಲೀಕರ ಕಣ್ಣಿಗೆ 'ಹಳೇ ಡಿಸೈನ್'!

'ಹಳ್ಳಿಯವರು ಅಗ್ಗದ್ದೇ ಕೇಳ್ತಾರೆ', 'ಹುಡುಗಿಯರಿಗೆ ಪಿಂಕೇ ಆಗಬೇಕು' ಅನ್ನೋದೂ ಅದೇ ರೋಗದ ಇನ್ನೊಂದು ಮುಖ. ಫೋನಿನಲ್ಲಿ ಫೋಟೋ ಹಿಡ್ಕೊಂಡು ಬರೋ ಹಳ್ಳಿ ಹುಡುಗರು ಈಗ ಏನು ಕಮ್ಮಿ ಇದ್ದಾರಾ?

ಇದಕ್ಕೆ ಮದ್ದು ಒಂದು ನೋಟ್‌ಬುಕ್ಕು. ಮಾರಿದ್ದನ್ನಷ್ಟೇ ಬರೆದರೆ ಸಾಲದು. ಗಿರಾಕಿ ಕೇಳಿ ಸಿಗದೇ ಹೋದದ್ದು, ಹಾಕಿ ನೋಡಿ ಕೆಳಗಿಟ್ಟದ್ದು, ಯಾಕೆ ಇಟ್ಟರು ಅನ್ನೋದೂ ಬರೀಬೇಕು. ನನ್ನ ಪ್ರಕಾರ ಬಿಲ್ ಬುಕ್ಕಿಗಿಂತ ಈ ಪುಟಗಳೇ ಹೆಚ್ಚು ಹೇಳ್ತವೆ. ಸೇಲ್ಸ್‌ನವರು ಬರೋ ಮೊದಲೇ ಮೂರು ತಿಂಗಳ ಪುಟ ತಿರುವಿ, ಯಾವ ಸೈಜು ಎಷ್ಟು, ಯಾವ ರೇಟಿನದ್ದು ಎಷ್ಟು ಅಂತ ಚೀಟಿ ಮಾಡಿಟ್ಟುಕೊಳ್ಳಿ. ಟ್ರೇ ಬಿಚ್ಚಿದ ಮೇಲೆ ಮನಸ್ಸು ತಡೆಯಲ್ಲ. ಹೊಸ ಮಾದರಿಯನ್ನು ಅಂಗಡಿ ಹುಡುಗ, ಪಕ್ಕದ ಅಂಗಡಿ ಅಣ್ಣ, ಅಕ್ಕನ ಮುಖಕ್ಕೂ ಹಾಕಿ ನೋಡಿ.

ಹಾಗಂತ ಸ್ವಂತ ರುಚಿ ಪೂರ್ತಿ ಬಿಡಬೇಕಿಲ್ಲ. ನೂರಕ್ಕೆ ಹತ್ತು ನಿಮ್ಮಿಷ್ಟದ್ದು ಇರಲಿ, ಅವು ಹೋಗದಿದ್ರೂ ಅಂಗಡಿ ಮುಳುಗಲ್ಲ. ಓಡದ ಮಾಲು ಬದಲಿಸಿ ಕೊಡ್ತೀರಾ ಅಂತ ಮೊದಲೇ ಕೇಳಿ, ಒಪ್ಪಿದರೆ ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ಸೇಲ್ಸ್‌ಮನ್ ಬಂದರೆ ಬಾಯಿಮಾತು ನಡೆಯಲ್ಲ.