ಸವಾರರಿಗಿಂತ ಹಗುರವಾದ ದೋಣಿ

ಸ್ಕಿಫ್ ಎಂಬ ಪಂದ್ಯದ ಹಾಯಿದೋಣಿಯನ್ನು ಅರಿಯಬೇಕಾದರೆ ಮೊದಲು ಅದರ ತೂಕ ಕೇಳಬೇಕು. ಒಲಿಂಪಿಕ್ಸ್‌ನಲ್ಲಿ ಓಡುವ ‘ಫಾರ್ಟಿನೈನರ್’ ಸ್ಕಿಫ್‌ನ ಉದ್ದ 4.99 ಮೀಟರ್. ಹಾಯಿ, ಕಂಬ, ಹಗ್ಗ ಎಲ್ಲ ಸೇರಿಸಿ ತೂಗಿದರೂ ಸುಮಾರು 125 ಕೆ.ಜಿ. ಅದನ್ನು ಓಡಿಸುವ ಇಬ್ಬರ ತೂಕವೇ 150 ಕೆ.ಜಿ. ಆಗುತ್ತದೆ. ಹಾಯಿಕಂಬ ನಿಲ್ಲಿಸಿದ ಸ್ಕಿಫ್ ಅನ್ನು ನೀರಿಗಿಳಿಸಿ ಕೈಬಿಟ್ಟರೆ, ಗಾಳಿಯಿಲ್ಲದ ಹೊತ್ತಿನಲ್ಲೂ ಅದು ಪಕ್ಕಕ್ಕೆ ಉರುಳಿಕೊಳ್ಳುತ್ತದೆ.

ಅಫಜಲಪುರ, ಜೇವರ್ಗಿಯ ಭೀಮಾ ತೀರದವರು ಕಂಡ ಹರಿಗೋಲಿನ ಗುಣ ಇದಕ್ಕೆ ಪೂರ್ತಿ ವಿರುದ್ಧ. ಹರಿಗೋಲು ಅಗಲ, ಅದರ ತಳ ಚಪ್ಪಟೆ. ಜನ, ಚೀಲ, ಆಡು, ಕುರಿ ಏನೇ ಏರಿದರೂ ಸಮತೋಲ ಅದರ ಆಕಾರದಲ್ಲೇ ಇದೆ, ಅಂಬಿಗ ಹುಟ್ಟು ಹಾಕಿದರೆ ಸಾಕು. ಸ್ಕಿಫ್ ಕಟ್ಟಿದವರು ವೇಗಕ್ಕಾಗಿ ಆ ಸಮತೋಲವನ್ನು ದೋಣಿಯಿಂದ ತೆಗೆದು ಸವಾರರ ಮೈಗೆ ವಹಿಸಿದರು. ಪಂದ್ಯದ ಋತುವಿಗೆ ಮುನ್ನ ತಂಡವೊಂದು ತಿಂಗಳುಗಟ್ಟಲೆ ಮಾಡುವ ತಯಾರಿಯೆಲ್ಲ ಈ ಒಂದು ತೀರ್ಮಾನದಿಂದಲೇ ಹುಟ್ಟುತ್ತದೆ.

ಈ ದೋಣಿಗಳ ತವರು ಆಸ್ಟ್ರೇಲಿಯಾದ ಸಿಡ್ನಿ ಬಂದರು. ಅಲ್ಲಿಯ ಹದಿನೆಂಟು ಅಡಿ ಸ್ಕಿಫ್‌ಗಳ ಪರಂಪರೆಯಲ್ಲಿ ಬೆಳೆದ ಜೂಲಿಯನ್ ಬೆತ್ವೇಟ್ ಫಾರ್ಟಿನೈನರ್ ಅನ್ನು ವಿನ್ಯಾಸ ಮಾಡಿದರು. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಸಲ ಪದಕದ ಕಣಕ್ಕಿಳಿಯಿತು. ತುಸು ಚಿಕ್ಕ ಹಾಯಿಯ ಮಹಿಳೆಯರ ಮಾದರಿ ಬಂದದ್ದು 2016ರ ರಿಯೋದಲ್ಲಿ.

ಸಾಮಾನ್ಯ ದೋಣಿಗೆ ತನ್ನ ಉದ್ದವೇ ಬೇಲಿ. ಮುಂದೆ ಸಾಗುವಾಗ ಅದು ತನ್ನದೇ ಒಂದು ಅಲೆ ಎಬ್ಬಿಸುತ್ತದೆ. ಆ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ಎರಡು ಅಲೆತಲೆಗಳ ನಡುವಿನ ತಗ್ಗಿನಲ್ಲಿ ಸಿಕ್ಕಿಬೀಳುತ್ತದೆ. ಐದು ಮೀಟರ್ ದೋಣಿಗೆ ಲೆಕ್ಕ ಹಾಕಿದರೆ ಈ ಮಿತಿ ಗಂಟೆಗೆ ಸುಮಾರು 10 ಕಿ.ಮೀ. ಅದನ್ನು ಮೀರಬೇಕಾದರೆ ನೀರನ್ನು ಸೀಳುವ ಬದಲು ಅದರ ಮೇಲೆ ಏರಿ ಜಾರಬೇಕು. ತೂಕ ಕಡಿಮೆ, ಹಾಯಿ ದೊಡ್ಡದು, ತಳ ಚಪ್ಪಟೆಯಾಗಿದ್ದರೆ ಅದು ಸಾಧ್ಯ. ಸ್ಕಿಫ್‌ನ ಎರಡು ಮುಖ್ಯ ಹಾಯಿಗಳೇ 20 ಚದರ ಮೀಟರ್ ದಾಟುತ್ತವೆ. ಗಾಳಿಯ ದಿಕ್ಕಿಗೆ ಇಳಿಯುವಾಗ ಮೂತಿಯಲ್ಲಿ ಬಿಚ್ಚುವ ಉಬ್ಬುಹಾಯಿ ಒಂದೇ ಸುಮಾರು 38 ಚದರ ಮೀಟರ್. ಒಳ್ಳೆಯ ಗಾಳಿಯಲ್ಲಿ ದೋಣಿ ಗಂಟೆಗೆ 35 ಕಿ.ಮೀ.ಗೂ ಮೀರಿ ಓಡುತ್ತದೆ.

ಗಾಳಿಯ ಲೆಕ್ಕ ಇದಕ್ಕಿಂತಲೂ ಸೊಗಸು. ಎಲೆ ಅಲುಗದ ಮಧ್ಯಾಹ್ನ ಜೇವರ್ಗಿಯಿಂದ ಕಲಬುರಗಿಗೆ ಬೈಕಿನಲ್ಲಿ ಹೊರಟವರ ಮುಖಕ್ಕೂ ಗಾಳಿ ಬಡಿಯುತ್ತದೆ, ಅದು ಬೈಕಿನ ಓಟದಿಂದ ಹುಟ್ಟಿದ ಗಾಳಿ. ಹಾಯಿಗೆ ತಾಗುವುದೂ ಬೀಸುವ ಗಾಳಿ ಮತ್ತು ಓಟದ ಗಾಳಿ ಕೂಡಿದ ಗಾಳಿಯೇ. ಗಂಟೆಗೆ 20 ಕಿ.ಮೀ. ವೇಗದ ಗಾಳಿಗೆ ಅಡ್ಡಲಾಗಿ ದೋಣಿಯೂ 20 ಕಿ.ಮೀ. ವೇಗದಲ್ಲಿ ಓಡಿದರೆ, ಹಾಯಿಗೆ ಸಿಗುವುದು ಸುಮಾರು 28 ಕಿ.ಮೀ. ಗಾಳಿ. ಒತ್ತಡವು ವೇಗದ ವರ್ಗದಂತೆ ಏರುವುದರಿಂದ ಬಲ ಎರಡರಷ್ಟಾಗುತ್ತದೆ. ಹೆಚ್ಚು ಓಡಿದಷ್ಟೂ ಹೆಚ್ಚು ಗಾಳಿ. ಹೀಗಾಗಿಯೇ ಹದವಾದ ಗಾಳಿಯಲ್ಲಿ ಸ್ಕಿಫ್ ಬೀಸುವ ಗಾಳಿಯನ್ನೇ ಹಿಂದೆ ಹಾಕಬಲ್ಲದು.

ಆದರೆ ಅದೇ ಬಲ ದೋಣಿಯನ್ನು ಮಗುಚಲೂ ನೋಡುತ್ತದೆ. ಅದಕ್ಕೇ ದೋಣಿಯ ಎರಡೂ ಬದಿಗೆ ರೆಕ್ಕೆ ಚಾಚಿವೆ. ಸವಾರರಿಬ್ಬರೂ ರೆಕ್ಕೆಯ ಅಂಚಿಗೆ ಪಾದ ಊರಿ, ಸೊಂಟಕ್ಕೆ ಕೊಕ್ಕೆ ಹಾಕಿದ ತಂತಿಯಲ್ಲಿ ಜೋತು, ನೀರಿನ ಮೇಲೆ ಅಡ್ಡಡ್ಡ ಮಲಗುತ್ತಾರೆ. ನಡುಗೆರೆಯಿಂದ 2.4 ಮೀಟರ್ ಆಚೆ 150 ಕೆ.ಜಿ. ತೂಗಿದಂತಾಯಿತು. ಹಾಯಿಯ ಒತ್ತಡ ಮೂರೂವರೆ ಮೀಟರ್ ಎತ್ತರದಲ್ಲಿ ಬೀಳುತ್ತದೆಂದುಕೊಂಡರೆ, ಸುಮಾರು 100 ಕೆ.ಜಿ. ತಳ್ಳನ್ನು ಇಬ್ಬರ ಮೈ ತಡೆದಂತೆ. ಗಾಳಿ ಒಂದು ಕ್ಷಣ ಸತ್ತರೆ ಒಳಗೆ ಮುದುಡಬೇಕು, ಮರುಕ್ಷಣ ನುಗ್ಗಿದರೆ ಹೊರಗೆ ಚಾಚಬೇಕು. ಚುಕ್ಕಾಣಿ ಹಿಂದಿನವರ ಕೈಯಲ್ಲಿ. ಗಾಳಿಗೆ ಎದುರಾಗಿ ಏರುವಾಗ ದೊಡ್ಡ ಹಾಯಿಯ ಹಗ್ಗ ಮುಂದಿನವರ ಕೈಯಲ್ಲಿ. ಅಂದರೆ ಒಂದೇ ಸಮತೋಲವನ್ನು ಇಬ್ಬರ ನಾಲ್ಕು ಕೈಗಳು ಮಾತಿಲ್ಲದೆ ಹಂಚಿಕೊಳ್ಳಬೇಕು.

ತಂಡಗಳು ಋತುವಿಗೆ ಮುನ್ನ ಬೆವರು ಸುರಿಸುವುದು ಇದಕ್ಕೇ. ದಿಕ್ಕು ಬದಲಿಸುವಾಗ ಕೊಕ್ಕೆ ಕಳಚಿ, ಹಾಯಿಯ ಅಡಿ ನುಸುಳಿ, ಎದುರು ರೆಕ್ಕೆಗೆ ಓಡಿ, ಮತ್ತೆ ಕೊಕ್ಕೆ ಹಾಕುವ ಹೆಜ್ಜೆಗಳನ್ನು ದಡದಲ್ಲಿ ನಿಲ್ಲಿಸಿದ ದೋಣಿಯ ಮೇಲೇ ನೂರಾರು ಸಲ ಮಾಡುತ್ತಾರೆ. ಉಬ್ಬುಹಾಯಿ ಏರಿಸುವುದಕ್ಕೆ, ಇಳಿಸುವುದಕ್ಕೆ ತೋಳು ಬಲಿಯಬೇಕು. ಮಗುಚಿದ ದೋಣಿಯ ತಳದ ಹಲಗೆ ಏರಿ ಅದನ್ನು ಎತ್ತುವುದೂ ಪಾಠದ ಭಾಗವೇ. ದೋಣಿಯ ಕಡೆ ನೋಡಿದರೆ ತಳವನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ ನಯ ಮಾಡಬೇಕು, ಸವೆದ ಹಗ್ಗ ಬದಲಿಸಬೇಕು. ಹಾಯಿಕಂಬ ಹಿಡಿದ ತಂತಿಗಳ ಬಿಗುವನ್ನು ಮಾಪಕದಿಂದ ಅಳೆದು, ಯಾವ ಗಾಳಿಗೆ ಎಷ್ಟು ಬಿಗಿ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಬಿಗಿ ಹೆಚ್ಚಿಸಿದರೆ ಹಾಯಿ ಚಪ್ಪಟೆಯಾಗಿ ಜೋರು ಗಾಳಿಯನ್ನು ಚೆಲ್ಲುತ್ತದೆ, ಸಡಿಲಿಸಿದರೆ ತುಂಬಿಕೊಂಡು ಮಂದ ಗಾಳಿಯನ್ನು ಹಿಡಿಯುತ್ತದೆ. ನನಗೆ ಇಡೀ ತಯಾರಿಯಲ್ಲಿ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಆ ಪುಸ್ತಕವೇ.

ಈ ಕಠಿಣ ದೋಣಿಯಲ್ಲಿ ನಮ್ಮವರೂ ಗೆದ್ದಿದ್ದಾರೆ. ಕೊಡವ ಮನೆತನದ ಕೇಳಪಂಡ ಚೆಂಗಪ್ಪ ಗಣಪತಿ ಮತ್ತು ವರುಣ್ ಠಕ್ಕರ್, ಇಬ್ಬರೂ ಚೆನ್ನೈನಲ್ಲಿ ಪಳಗಿದವರು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ತಂದರು. ಅದೇ ಕೂಟದ ಮಹಿಳೆಯರ ಸ್ಕಿಫ್‌ನಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಬೆಳ್ಳಿ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಣಪತಿ, ವರುಣ್ ಜೋಡಿ 17ನೇ ಸ್ಥಾನ ಪಡೆಯಿತು.

ಭೀಮೆಯಲ್ಲಿ ಸ್ಕಿಫ್ ಓಡಿಸಬಹುದೇ? ಬೇಡ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. 300 ಮೀಟರ್ ಅಗಲದ ನೀರು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಮರಳು ತೆಗೆದ ಗುಂಡಿಗಳಿವೆ, ಬ್ಯಾರೇಜಿನ ಗೇಟುಗಳಿವೆ. ಮೇಲಿನ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿ ಏನಾಗುತ್ತದೆಂಬುದನ್ನು 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿಯ ಹಳ್ಳಿಗಳು ಅನುಭವಿಸಿವೆ.

ಆದರೆ ಸ್ಕಿಫ್ ಸವಾರರು ಸ್ಕಿಫ್‌ನಲ್ಲೇ ಶುರು ಮಾಡುವುದಿಲ್ಲ. ಮಕ್ಕಳು ಕಲಿಯುವುದು ‘ಆಪ್ಟಿಮಿಸ್ಟ್’ ಎಂಬ 2.3 ಮೀಟರ್ ಉದ್ದದ, 35 ಕೆ.ಜಿ.ಯ ಪುಟ್ಟ ಡಬ್ಬಿದೋಣಿಯಲ್ಲಿ. ಅದಕ್ಕೆ ಸಮುದ್ರ ಬೇಕಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ನಮಗೆ ಇನ್ನೂ ಹತ್ತಿರದ ಹೈದರಾಬಾದಿನಲ್ಲಿ, ಹುಸೇನ್ ಸಾಗರದ ನೀರಿನಲ್ಲಿ, ಬಡ ಮನೆಗಳ ಮಕ್ಕಳು ಹಾಯಿ ಹಿಡಿದು ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ಆಳಂದ ತಾಲ್ಲೂಕಿನ ಕೋರಳ್ಳಿಯ ಅಮರ್ಜಾ ಜಲಾಶಯದಲ್ಲಿ ನೀರು ತುಂಬಿದ ತಿಂಗಳುಗಳಲ್ಲಿ ಇಂಥ ನಾಲ್ಕು ದೋಣಿ ಇಳಿಸಲು ದೊಡ್ಡ ಹಣವೇನೂ ಬೇಡ. ನೀರಿನ ಅಂಜಿಕೆಯಿಲ್ಲದ ಅಂಬಿಗರ ಮನೆಯ ಮಕ್ಕಳು ನಮ್ಮಲ್ಲಿದ್ದಾರೆ, ಮುಂಗಾರಿನ ಗಾಳಿ ಇದೆ. ಜಿಲ್ಲೆಯ ಕ್ರೀಡಾ ಇಲಾಖೆ ಇದನ್ನು ಕೈಗೆತ್ತಿಕೊಳ್ಳಲಿ. ಮೊದಲ ಖರ್ಚು ಜೀವರಕ್ಷಕ ಜಾಕೆಟ್ಟಿಗೆ ಮತ್ತು ಈಜು ಕಲಿಸುವವರಿಗೆ ಹೋಗಲಿ, ದೋಣಿ ಆಮೇಲೆ ಬರಲಿ.