ಸೋಗೆ ಹಳದಿಯಾದರೆ ಮೊದಲು ಕಾದಿಗೆ ನೋಡಿ

ಅಡಿಕೆ ಮರದ ಸೋಗೆ ಹಳದಿಯಾಗುವುದಕ್ಕೆ ಕಾರಣ ಒಂದಲ್ಲ. ಸಾರಜನಕ ಸಾಲದಿದ್ದರೂ, ಮೆಗ್ನೀಷಿಯಂ ತೊಳೆದುಹೋಗಿದ್ದರೂ, ಬುಡದಲ್ಲಿ ನೀರು ನಿಂತಿದ್ದರೂ, ಬೇಸಿಗೆಯಲ್ಲಿ ನೀರು ತಪ್ಪಿದ್ದರೂ, ಬೇರುಹುಳ ಬೇರು ತಿಂದಿದ್ದರೂ, ಹಳದಿ ಎಲೆ ರೋಗ ತಗುಲಿದ್ದರೂ ಮರ ತೋರಿಸುವ ಬಣ್ಣ ಹೆಚ್ಚುಕಡಿಮೆ ಅದೇ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಒಂದೇ ತೋಟಕ್ಕೆ ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಗಂಟುಬಿದ್ದಿರುವುದೂ ಉಂಟು. ಹಳದಿ ಕಂಡ ಕೂಡಲೇ ಗೊಬ್ಬರದ ಚೀಲ ಬಿಚ್ಚಿದರೆ ಎಷ್ಟೋ ಸಲ ಗೊಬ್ಬರವೂ ದುಡ್ಡೂ ಮಳೆನೀರಿನ ಜೊತೆ ಹಳ್ಳ ಸೇರುತ್ತವೆ.

ಈ ತಾಲ್ಲೂಕುಗಳ ಹಳೆಯ ತೋಟಗಳಲ್ಲಿ ಬಹುಪಾಲು ಗುಡ್ಡಗಳ ನಡುವಿನ ಕಣಿವೆಯಲ್ಲಿವೆ. ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಇಳಿದು ಬರುವುದು ಅಲ್ಲಿಗೇ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್ಲು ಅದಕ್ಕೆ ಸರಿಸಾಟಿ. ಆನಂದಪುರದ ಕಡೆಗೆ ಬಂದರೆ ಮಳೆ ತೀರಾ ಕಡಿಮೆ. ಎಲ್ಲಿಯಾದರೂ ಬೀಳುವುದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಅದೇ ಮರ ನಾಲ್ಕು ತಿಂಗಳು ನೀರಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ನೀರಿಗಾಗಿ ಬಾಯಿ ಬಿಡುತ್ತದೆ. ಇಷ್ಟು ಮಳೆ ತೊಳೆದ ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್, ಬೋರಾನ್ ಉಳಿಯುವುದು ಕಷ್ಟ. ಮಣ್ಣು ಹುಳಿಯಾಗುತ್ತದೆ. ಹಾಕಿದ ರಂಜಕವನ್ನೂ ಆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡು ಬೇರಿಗೆ ಬಿಟ್ಟುಕೊಡುವುದಿಲ್ಲ.

ಹಿಂದಿನವರು ಇದಕ್ಕೆ ಕಂಡುಕೊಂಡ ದಾರಿ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು, ದರಗು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕಿಳಿಯುತ್ತಿತ್ತು. ಕೆಲವು ವರ್ಷಕ್ಕೊಮ್ಮೆ ಗೋಡು ಮಣ್ಣು ಬೀಳುತ್ತಿತ್ತು. ಮಳೆ ಒಯ್ದದ್ದನ್ನು ಬೆಟ್ಟ ತುಂಬಿಕೊಡುತ್ತಿತ್ತು. ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿ, ಸೊಪ್ಪು ಕೊಯ್ಯುವ ಆಳುಗಳೂ ಸಿಗದಂತಾದ ಮೇಲೆ ಆ ಲೆಕ್ಕ ತಪ್ಪಿದೆ. ಈಗಿನ ಶಿಫಾರಸು ಫಸಲು ಕೊಡುವ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್. ರಾಸಾಯನಿಕ ಗೊಬ್ಬರವನ್ನು ಎರಡು ಕಂತು ಮಾಡಿ, ಮುಂಗಾರಿಗೆ ಮುಂಚೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಕೊಡಬೇಕು. ಈ ಶಿಫಾರಸಿನಲ್ಲಿ ಹೆಚ್ಚಿನವರು ಗಮನಿಸದಿರುವುದು ಒಂದಿದೆ: ಪೊಟ್ಯಾಷ್ ಪ್ರಮಾಣ ಸಾರಜನಕಕ್ಕಿಂತ ಜಾಸ್ತಿ. ಯೂರಿಯಾ ಒಂದನ್ನೇ ಸುರಿದರೆ ಮರ ಕಪ್ಪು ಹಸಿರಾಗಿ ಕಣ್ಣು ತುಂಬುತ್ತದೆ, ಕೊನೆ ತುಂಬುವುದಿಲ್ಲ.

ಕೊರತೆ ಯಾವುದರದ್ದು ಎಂದು ತಿಳಿಯಲು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಯಾವ ಸೋಗೆ ಹಳದಿಯಾಗಿದೆ ಎಂಬುದನ್ನು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಮರದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆ ಬಿದ್ದಾಗ ಮರ ಹಳೆಯ ಸೋಗೆಯಿಂದ ಇವನ್ನು ಕಿತ್ತು ಸುಳಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಸೋಗೆಗಳು ಮೊದಲು ಸೊರಗುತ್ತವೆ. ಸುಣ್ಣ, ಬೋರಾನ್, ಕಬ್ಬಿಣದಂಥವು ಒಮ್ಮೆ ಎಲೆಗೆ ಸೇರಿದರೆ ಅಲ್ಲೇ ಉಳಿಯುತ್ತವೆ. ಇವುಗಳ ಕೊರತೆ ಕಾಣುವುದು ಹೊಸ ಸೋಗೆಯಲ್ಲಿ, ಸುಳಿಯಲ್ಲಿ.

ಕೆಳಗಿನ ಸೋಗೆ ಪೂರ್ತಿ ಒಂದೇ ಸಮ ತಿಳಿ ಹಳದಿಯಾಗುತ್ತ ಹೋದರೆ ಸಾರಜನಕದ ಮೇಲೆ ಅನುಮಾನ. ಗರಿಯ ಅಂಚು ನಿಂಬೆ ಹಳದಿಯಾಗಿ, ನಡುವಿನ ಭಾಗ ಮಾತ್ರ ಹಸಿರಾಗಿ ಉಳಿದರೆ ಮೆಗ್ನೀಷಿಯಂ. ಹಳೆಯ ಗರಿಗಳಲ್ಲಿ ಕಿತ್ತಳೆ ಛಾಯೆಯ ಚುಕ್ಕಿ ಮೂಡಿ, ತುದಿ ಸುಟ್ಟಂತೆ ಒಣಗುತ್ತ ಬಂದರೆ ಪೊಟ್ಯಾಷ್. ಕೊನೆಯವೆರಡೂ ಒಂದಕ್ಕೊಂದು ಆಗದವು: ಪೊಟ್ಯಾಷ್ ಅತಿಯಾದರೆ ಬೇರು ಮೆಗ್ನೀಷಿಯಂ ಹೀರುವುದು ಕಡಿಮೆಯಾಗುತ್ತದೆ. ಸುಳಿ ಸರಿಯಾಗಿ ಬಿಚ್ಚದೆ, ಹೊಸ ಗರಿ ಮುದುಡಿ ಗಿಡ್ಡಾಗಿ ಬಂದರೆ ಬೋರಾನ್ ನೆನಪಾಗಬೇಕು. ಮಣ್ಣು ಹುಳಿ ಎಂದು ಸುಣ್ಣ ಸುರಿದ ತೋಟದಲ್ಲೂ ಇದು ಕಾಣಬಹುದು. ಸುಣ್ಣ ಮಿತಿಮೀರಿದರೆ ಬೋರಾನ್ ಬೇರಿಗೆ ಸಿಗುವುದಿಲ್ಲ. ತಳದ ಒಂದೇ ಒಂದು ಸೋಗೆ ಹಣ್ಣಾಗಿದ್ದರೆ ಮಾತ್ರ ಅದಕ್ಕೆ ಔಷಧಿ ಹುಡುಕಬೇಕಿಲ್ಲ. ಅದು ಹಾಳೆ ಸಮೇತ ಬೀಳಲು ಸಿದ್ಧವಾಗಿದೆ, ಅಷ್ಟೇ.

ಇಷ್ಟೆಲ್ಲ ಲಕ್ಷಣ ನೋಡಿ ಗೊಬ್ಬರ ಕೊಟ್ಟರೂ ಮರ ಚೇತರಿಸದಿದ್ದರೆ ತಪ್ಪು ಹೆಚ್ಚಾಗಿ ನೀರಿನಲ್ಲಿರುತ್ತದೆ. ಮಲೆನಾಡಿನ ತೋಟಗಳ ಮಟ್ಟಿಗೆ ಮೊದಲೇ ಅಲ್ಲಿಂದ ಶುರು ಮಾಡುವುದು ಜಾಣತನ. ಬೇರಿಗೂ ಉಸಿರಾಟ ಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲದೆ ಎಳೆಬೇರು ಕಪ್ಪಾಗಿ ಕೊಳೆಯುತ್ತದೆ. ಗೊಬ್ಬರ ಬುಡದಲ್ಲೇ ಬಿದ್ದಿದ್ದರೂ ಹೀರಲು ಬೇರಿಲ್ಲ. ತೋಟದವರು ‘ಶೀತ ಜಾಸ್ತಿಯಾಗಿದೆ’ ಎನ್ನುವುದು ಈ ಸ್ಥಿತಿಗೇ. ಇದಕ್ಕೆ ಸುಲಭದ ಗುರುತು ಕಾದಿಗೆಯಲ್ಲಿಯೇ, ಅಂದರೆ ತೋಟದ ಬಸಿಗಾಲುವೆಯಲ್ಲಿಯೇ ಇದೆ: ನಿಂತ ನೀರಿನ ಮೇಲೆ ತುಕ್ಕು ಬಣ್ಣದ, ಎಣ್ಣೆಯಂತೆ ಮಿರುಗುವ ಕೆನೆ. ಗಾಳಿಯಿಲ್ಲದ ಮಣ್ಣಿನಲ್ಲಿ ಕರಗಿದ ಕಬ್ಬಿಣ ಹೊರಗೆ ಬಂದು ಗಾಳಿ ತಾಗಿದಾಗ ಹೀಗಾಗುತ್ತದೆ. ಅದು ಕಂಡಲ್ಲಿ ಆಸುಪಾಸಿನ ಬೇರು ಉಸಿರುಗಟ್ಟಿದೆ ಎಂದೇ ತಿಳಿಯಬೇಕು.

ಗದ್ದೆಯನ್ನು ತೋಟ ಮಾಡಿದ ಕಡೆ ಈ ತೊಂದರೆ ಇನ್ನೂ ಹೆಚ್ಚು. ವರ್ಷಗಟ್ಟಲೆ ಕೆಸರು ಉತ್ತು ನಾಟಿ ಮಾಡಿದ ಗದ್ದೆಯಲ್ಲಿ ನೇಗಿಲ ಮೊನೆಯ ಕೆಳಗೆ ಗಟ್ಟಿ ಪದರ ಕಟ್ಟಿರುತ್ತದೆ. ಭತ್ತಕ್ಕೆ ನೀರು ನಿಲ್ಲಿಸಿಕೊಡುತ್ತಿದ್ದ ಅದೇ ಪದರ ಅಡಿಕೆಗೆ ಶತ್ರು. ಅದನ್ನು ಒಡೆಯದೆ, ಕಾದಿಗೆ ತೆಗೆಯದೆ ಸಸಿ ನೆಟ್ಟವರ ಗಿಡಗಳು ಮೂರು ನಾಲ್ಕು ವರ್ಷ ಚೆನ್ನಾಗಿದ್ದು, ಬೇರು ಪದರಕ್ಕೆ ತಾಗಿದ ಮೇಲೆ ಸೊರಗುತ್ತವೆ. ಎರಡು ಸಾಲಿಗೊಂದರಂತೆ ಕಾದಿಗೆ ಇರಬೇಕು. ಅದರ ತಳ ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಕೆಳಗಿರಬೇಕು. ತೋಟದ ನೀರು ಕೊನೆಗೆ ಬೀಳುವ ಹಳ್ಳದಲ್ಲಿ ಹೂಳು ತುಂಬಿದ್ದರೆ ಒಳಗಿನ ಕಾದಿಗೆ ಎಷ್ಟು ಆಳವಿದ್ದರೂ ಪ್ರಯೋಜನವಿಲ್ಲ. ಅಣಬೆ ರೋಗವೂ ಇಂಥ ನೀರು ಬಸಿಯದ ಜಾಗವನ್ನೇ ಹುಡುಕಿಕೊಂಡು ಬರುತ್ತದೆ. ಸೋಗೆಗಳು ಗಿಡ್ಡಾಗಿ ಗುಂಪುಗೂಡುವ ಹಿಡಿಮುಂಡಿಗೆಗೂ ಬೇರಿನ ಬುಡದ ಗಟ್ಟಿ ನೆಲಕ್ಕೂ ನಂಟಿದೆ. ಮರಕ್ಕೆ ಹಬ್ಬಿದ ಕಾಳುಮೆಣಸಂತೂ ಮರಕ್ಕಿಂತ ಮೊದಲೇ ಸೋತು ಸುದ್ದಿ ಮುಟ್ಟಿಸುತ್ತದೆ.

ಬೇಸಿಗೆಯ ನೀರಿನ ತಪ್ಪು ಬೇರೆ ತರಹದ್ದು. ನವೆಂಬರ್–ಡಿಸೆಂಬರ್‌ನಲ್ಲಿ ವಾರಕ್ಕೊಮ್ಮೆ ನೀರಾದರೆ ಸಾಕು. ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಬೇಕು. ಒಂದು ಸಲಕ್ಕೆ ಮರಕ್ಕೆ ಸುಮಾರು 175 ಲೀಟರ್. ಡ್ರಿಪ್ ಆದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಹಸಿರೆಲೆ, ದರಗಿನ ಮುಚ್ಚಿಗೆ ಇದ್ದ ಬುಡ ಬೇಗ ಒಣಗುವುದಿಲ್ಲ. ಕರೆಂಟು ಬಂದಾಗೆಲ್ಲ ಪಂಪು ಹಾಕಿ, ಕಣಿವೆಯ ತೋಟಕ್ಕೆ ಡಿಸೆಂಬರ್‌ನಲ್ಲೇ ನೀರು ತುಂಬಿಸುವುದು ಮಳೆಗಾಲವನ್ನು ತಾವಾಗಿಯೇ ಮುಂದುವರಿಸಿದಂತೆ. ಬುಡದಿಂದ ಎರಡಡಿ ದೂರದಲ್ಲಿ ಒಂದಡಿ ಆಳಕ್ಕೆ ಅಗೆದು ಮಣ್ಣು ಹಿಂಡಿ ನೋಡುವುದು ಯಾವ ಯಂತ್ರಕ್ಕೂ ಕಡಿಮೆಯಲ್ಲದ ಪರೀಕ್ಷೆ. ಬೆರಳ ಸಂದಿಯಿಂದ ನೀರು ಬಂದರೆ ಹೆಚ್ಚಾಗಿದೆ, ಉಂಡೆ ಕಟ್ಟದೆ ಉದುರಿದರೆ ಕಡಿಮೆಯಾಗಿದೆ. ಬಹಳ ದಿನ ಒಣಗಿಸಿ ಒಮ್ಮೆಲೇ ನೀರು ಕೊಟ್ಟಾಗ ಕಾಯಿಯ ತಿರುಳು ಸಿಪ್ಪೆಗಿಂತ ಬೇಗ ಉಬ್ಬಿ ಕಾಯಿ ಸೀಳುತ್ತದೆ, ಅದೇ ಅಂಡೊಡಕ. ಇದಕ್ಕೆ ಲೀಟರ್ ನೀರಿಗೆ 2 ಗ್ರಾಂ ಬೊರಾಕ್ಸ್ ಸಿಂಪಡಿಸುವ ಶಿಫಾರಸು ಇದೆಯಾದರೂ ನೀರು ಕೊಡುವ ಕ್ರಮ ಸರಿಯಾಗದೆ ಅದೊಂದರಿಂದ ಗುಣ ಕಾಣದು.

ಗೊಬ್ಬರಕ್ಕೂ ಕಾದಿಗೆಗೂ ಜಗ್ಗದ ಹಳದಿಯೂ ಇದೆ. ಕೇರಳದಲ್ಲಿ 1914ರಷ್ಟು ಹಿಂದೆಯೇ ಗುರುತಿಸಿದ ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯದು, ಜಿಗಿಹುಳದಿಂದ ಹರಡುತ್ತದೆ. ಶೃಂಗೇರಿ, ಕೊಪ್ಪದ ತೋಟಗಳನ್ನು ಹಾಳುಗೆಡವಿದ್ದು ಇದೇ. ಇದರಲ್ಲಿ ಗರಿಯ ತುದಿಯಿಂದ ಹಳದಿ ಶುರುವಾಗುತ್ತದೆ, ಹಳದಿಗೂ ಹಸಿರಿಗೂ ನಡುವೆ ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ಮಳೆಗಾಲ ಮುಗಿದ ಮೇಲೆ ಹೆಚ್ಚು ಎದ್ದು ಕಾಣುತ್ತದೆ. ನಿಜವಾದ ಗುರುತು ಮಾತ್ರ ಕಾಯಿಯಲ್ಲಿ: ಒಡೆದು ನೋಡಿದರೆ ತಿರುಳು ಕಪ್ಪಾಗಿ ಮೆತ್ತಗಿರುತ್ತದೆ. ಬರೀ ಗೊಬ್ಬರದ ಕೊರತೆಯಲ್ಲಿ ಕಾಯಿ ಸಣ್ಣದಾದೀತು, ಹರಳು ಉದುರೀತು, ತಿರುಳು ಹೀಗೆ ಕೆಡುವುದಿಲ್ಲ. ಬೇರುಹುಳದ ಅನುಮಾನವಿದ್ದರೆ ಬುಡ ಅಗೆದರೆ ಸಾಕು; ಬಿಳಿ ಮೈಯ, ಸುರುಳಿ ಸುತ್ತಿದ ಹುಳ ಕೈಗೇ ಸಿಗುತ್ತದೆ. ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿಯ ಹೆಚ್ಚು ಮಳೆಯ ಹೋಬಳಿಗಳನ್ನು ಕಂಗೆಡಿಸಿರುವ ಎಲೆ ಚುಕ್ಕಿ ರೋಗ ಶಿಲೀಂಧ್ರದ್ದು. ಅದರ ಚುಕ್ಕಿ ಕಂದು, ಸುತ್ತ ಹಳದಿ ಬಳೆ. ಪೊಟ್ಯಾಷ್ ಕೊರತೆಯ ಚುಕ್ಕಿಗೆ ಆ ಬಳೆಯಿಲ್ಲ.

ಕಣ್ಣಿನ ಅಂದಾಜು ಇಷ್ಟರವರೆಗೆ. ಮುಂದಿನದಕ್ಕೆ ಮಣ್ಣು ಪರೀಕ್ಷೆಯೇ ಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಲೆಕ್ಕ ಸಿಗುತ್ತದೆ. ಬೋರಾನ್, ಸತು, ಹುಳಿತನ ಎಲ್ಲ ಅದರಲ್ಲಿವೆ. ಮಲೆನಾಡಿಗೆ ಅತ್ಯಗತ್ಯವಾದ ಸುಣ್ಣ, ಮೆಗ್ನೀಷಿಯಂ ಎರಡೂ ಆ ಹನ್ನೆರಡರಲ್ಲಿ ಇಲ್ಲ. ಅವನ್ನು ಕೇಳಿಯೇ ಮಾಡಿಸಿಕೊಳ್ಳಬೇಕು. ಎರಡೂ ಕಡಿಮೆ ಇದ್ದು ಮಣ್ಣು ಹುಳಿಯಾಗಿದ್ದರೆ ಬರೀ ಸುಣ್ಣಕ್ಕಿಂತ ಡೋಲೊಮೈಟ್ ಮೇಲು, ಅದರಲ್ಲಿ ಎರಡೂ ಇವೆ. ಗೊಬ್ಬರ ಹಾಕುವ ಮೊದಲು, ಹಳದಿ ಮರಗಳ ಬುಡದ ಮಣ್ಣನ್ನೂ ಚೆನ್ನಾಗಿರುವ ಮರಗಳ ಬುಡದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಕೊಟ್ಟರೆ ಎರಡರ ವ್ಯತ್ಯಾಸವೇ ಅರ್ಧ ಉತ್ತರ ಹೇಳುತ್ತದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ. ಸಲಹೆಗೆ ದೂರ ಹೋಗಬೇಕಿಲ್ಲ.

ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಬಿಡುತ್ತದೆ, ತಲೆಯ ಮೇಲೆ ಎಂಟು ಹತ್ತು ಇರುತ್ತವೆ. ಕಾರಣ ಸರಿಯಾಗಿ ಹಿಡಿದು ಮದ್ದು ಮಾಡಿದರೂ ಮರದ ತಲೆ ಪೂರ್ತಿ ಹಸಿರಾಗಲು ಸುಮಾರು ಒಂದೂವರೆ ವರ್ಷ ಬೇಕು. ಅಷ್ಟರೊಳಗೆ ಇನ್ನೊಂದು ಮಳೆಗಾಲ ಬಂದೇ ಬರುತ್ತದೆ. ಕಾದಿಗೆಯ ಹೂಳನ್ನು ಮೇ ತಿಂಗಳಲ್ಲೇ ತೆಗೆಸಿಡಿ.