ಹೊಂಡದ ಮೀನಿನ ಮೈಮೇಲಿನ ಗುರುತುಗಳು

ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಮೀನಿನ ವಿಚಾರ ಬರೆಯಹೊರಟರೆ ಪ್ರಾಣಿಶಾಸ್ತ್ರದ ಮಿತ್ರರು ನಕ್ಕಾರು. ನಗಲಿ. ಅವರು ಗಾಜಿನ ಭರಣಿಯ ಮೀನನ್ನು ಬಲ್ಲವರು, ನಾನು ಹಿತ್ತಲ ಹೊಂಡದ ಮೀನನ್ನು ಬಲ್ಲವನು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದೀಚೆಗೆ ನಮ್ಮ ಬಯಲುಸೀಮೆಯ ಊರುಗಳಲ್ಲಿ ಕೃಷಿಹೊಂಡಗಳು ಹೆಚ್ಚಿದವು. ನೀರು ನಿಂತ ಕಡೆಗೆ ಮೀನೂ ಬಂದಿತು. ನಮ್ಮ ಮನೆಯ ಹಿಂದಿನ ಹೊಂಡದಲ್ಲಿ ಕಾಟ್ಲ, ರೋಹು, ಸಾಮಾನ್ಯ ಗೆಂಡೆ ಎಂಬ ಮೂರು ಜಾತಿಗಳಿವೆ. ನನ್ನ ಈ ವರ್ಷದ ಶುಲ್ಕವನ್ನು ಕಟ್ಟಿದ್ದು ಅವುಗಳನ್ನು ಮಾರಿದ ಹಣದಿಂದಲೇ. ಆದುದರಿಂದ ಮೀನಿನ ಮೈಮೇಲೆ ಒಂದು ಕೆಂಪು ಚುಕ್ಕೆ ಕಂಡರೂ ನಮ್ಮ ಮನೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಕಳೆದ ವರ್ಷ ನಮ್ಮೂರಿನಲ್ಲಿ ಒಬ್ಬರು ಇಂಥ ಕಲೆಗಳನ್ನು ಕಂಡು ಗಾಬರಿಗೊಂಡು, ಹತ್ತಿಯ ಬೆಳೆಗೆಂದು ತಂದಿರಿಸಿದ್ದ ಕೀಟನಾಶಕವನ್ನು ಹೊಂಡಕ್ಕೆ ಸುರಿದರು. ಬೆಳಗಾಗುವಷ್ಟರಲ್ಲಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ಕಲೆ ಯಾವ ಬಗೆಯದೆಂದು ಇಂದಿಗೂ ಯಾರಿಗೂ ತಿಳಿಯದು. ತಿಳಿಯಲು ಮೀನೇ ಉಳಿಯಲಿಲ್ಲ.

ಮೊದಲು ಮೀನನ್ನು ನೋಡುವ ಬಗೆಯನ್ನು ಹೇಳುತ್ತೇನೆ. ನಮ್ಮ ತಂದೆತಾಯಿಗಳಿಗೆ ಅಕ್ಷರ ಬಾರದು. ಇಲಾಖೆಯ ಕರಪತ್ರವನ್ನು ಓದಿ ಹೇಳುವುದು ನನ್ನ ಕೆಲಸ, ಮೀನನ್ನು ನೋಡಿ ಹೇಳುವುದು ತಾಯಿಯ ಕೆಲಸ. ಅವರು ದಿನವೂ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಹಾಕುತ್ತಾರೆ. ಮೀನುಗಳು ಮೇಲೆ ಬಂದಾಗ ಯಾವುದು ಬರಲಿಲ್ಲ, ಯಾವುದು ಓರೆಯಾಗಿ ಈಜುತ್ತದೆ, ಯಾವುದು ದಡಕ್ಕೆ ಮೈ ಉಜ್ಜುತ್ತದೆ ಎಂಬುದು ಅವರಿಗೆ ತಿಳಿದುಬಿಡುತ್ತದೆ. ಸಂಶಯ ಬಂದಾಗ ಮಾತ್ರ ಬಲೆ ಹಾಕತಕ್ಕದ್ದು. ಹಿಡಿಯುವ ಮುನ್ನ ಕೈಯನ್ನು ಒದ್ದೆ ಮಾಡಿಕೊಳ್ಳಬೇಕು. ಒಣಗೈಯಿಂದ ಹಿಡಿದರೆ ಮೈಯ ಲೋಳೆ ಅಳಿಸಿಹೋಗುತ್ತದೆ. ಆ ಲೋಳೆಯೇ ಮೀನಿನ ಕವಚ.

ಕಂಡ ಗುರುತೆಲ್ಲ ರೋಗವಲ್ಲ. ಮೀನಿನ ಪಕ್ಕೆಯ ಮೇಲೆ ಕಿವಿರಿನಿಂದ ಬಾಲದವರೆಗೆ ಹೊಲಿಗೆ ಹಾಕಿದಂತೆ ಕಾಣುವ ಗೆರೆ ಹುಟ್ಟಿನಿಂದ ಬಂದದ್ದು. ನೀರಿನ ಅಲುಗಾಟವನ್ನು ಮೀನು ಅರಿಯುವುದು ಅದರಿಂದಲೇ. ಮಳೆಗಾಲದಲ್ಲಿ ಗಂಡು ರೋಹುವಿನ ಎದೆಯ ಈಜುರೆಕ್ಕೆ ಸವರಿದರೆ ಒರಟಾಗಿರುತ್ತದೆ. ಅದು ಮರಿಮಾಡುವ ಕಾಲದ ಲಕ್ಷಣವೇ ಹೊರತು ಚರ್ಮರೋಗವಲ್ಲ. ಇನ್ನು ಗೆಂಡೆಯಲ್ಲಿ ಕನ್ನಡಿ ಗೆಂಡೆ ಎಂಬ ಒಂದು ಬಗೆಯಿದೆ. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ತಂದದ್ದು ಇದನ್ನೇ. ಇದರ ಮೈಮೇಲೆ ಅಲ್ಲೊಂದು ಇಲ್ಲೊಂದು ದೊಡ್ಡ ಹುರುಪೆಗಳು ಮಾತ್ರ ಇದ್ದು ಉಳಿದ ಭಾಗ ಬರಿದಾಗಿರುತ್ತದೆ. ಅರಿಯದವರು ಹುರುಪೆ ಉದುರಿದೆಯೆಂದು ಮರುಗುವುದುಂಟು. ನಿಜವಾಗಿ ಉದುರಿದ್ದರೆ ಆ ಜಾಗ ಕೆಂಪಾಗಿರುತ್ತದೆ. ಹುಟ್ಟಿನಿಂದ ಇಲ್ಲದಿದ್ದರೆ ಚರ್ಮ ನಯವಾಗಿ ಹೊಳೆಯುತ್ತದೆ.

ಗಾಯಕ್ಕೂ ರೋಗಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ ಗಾಯ ಸಾಮಾನ್ಯವಾಗಿ ಒಂದೆರಡು ಮೀನುಗಳಿಗೆ ಮಾತ್ರ ಆಗುತ್ತದೆ, ರೋಗವಾದರೋ ದಿನದಿನಕ್ಕೆ ಹರಡುತ್ತದೆ. ಬಕಪಕ್ಷಿ ಮೇಲಿನಿಂದ ಕುಕ್ಕುವುದರಿಂದ ಅದರ ಗಾಯ ಬೆನ್ನಿನ ಮೇಲೆ ತೂತಿನಂತೆ ಇರುತ್ತದೆ. ನುಂಗಲಾರದಷ್ಟು ದಪ್ಪ ಮೀನು ಹೀಗೆ ಗಾಯಗೊಂಡು ತಪ್ಪಿಸಿಕೊಂಡಿರುತ್ತದೆ. ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತಿರುವುದರಿಂದ ಅದು ಹಿಡಿದು ಬಿಟ್ಟ ಮೀನಿನ ಪಕ್ಕೆಗಳಲ್ಲಿ ಗೀರುಗಳು ಕಾಣುತ್ತವೆ. ಬಲೆಯ ಗಾಯದಲ್ಲಿ ಹುರುಪೆಗಳು ಪಟ್ಟಿಯಾಗಿ ಕಿತ್ತುಹೋಗಿರುತ್ತವೆ. ಇಂಥ ಗಾಯಗಳ ಮೇಲೆ ಹತ್ತಿಯ ಎಳೆಯಂತೆ ಬೂಷ್ಟು ಬೆಳೆದರೆ, ಬೂಷ್ಟು ಬಂದು ಗಾಯವಾಯಿತೆನ್ನದೆ ಗಾಯವಾಗಿ ಬೂಷ್ಟು ಬಂತೆಂದು ತಿಳಿಯಬೇಕು.

ನಮ್ಮ ಹೊಂಡಕ್ಕೆ ನಿಜವಾದ ಕಾಟ ಕೊಟ್ಟದ್ದು ಮೀನಿನ ಹೇನು. ಹೆಸರಿಗೆ ಹೇನಾದರೂ ಇದು ಏಡಿ, ಸೀಗಡಿಗಳ ಬಳಗದ್ದು. ಉದ್ದಿನ ಬೇಳೆಯಷ್ಟು ಚಪ್ಪಟೆಯಾಗಿ, ಹೆಚ್ಚು ಕಡಿಮೆ ಪಾರದರ್ಶಕವಾಗಿದ್ದು, ಈಜುರೆಕ್ಕೆಯ ಬುಡದಲ್ಲಿ ಅಂಟಿಕೊಂಡಿರುತ್ತದೆ. ಕೆಂಪು ಚುಕ್ಕೆಯ ಪಕ್ಕದಲ್ಲಿ ಏನಾದರೂ ಸರಿದಾಡಿದರೆ ಅದು ಹೇನೇ ಸರಿ. ಸೂಜಿಯಂಥ ಅಂಗದಿಂದ ಚುಚ್ಚಿ ರಕ್ತ ಹೀರುವುದರಿಂದಲೇ ಮೀನು ನೆಗೆದಾಡುತ್ತದೆ, ಮೈ ಉಜ್ಜುತ್ತದೆ. ಹೆಣ್ಣು ಹೇನು ಮೊಟ್ಟೆಯಿಡುವಾಗ ಮೀನನ್ನು ಬಿಟ್ಟು ಗಟ್ಟಿಯಾದ ವಸ್ತುವನ್ನು ಹುಡುಕಿ ಹೋಗುತ್ತದೆ. ಇದನ್ನು ಓದಿದ ಮೇಲೆ ನಾವು ಹೊಂಡದಲ್ಲಿ ಐದಾರು ಬಿದಿರುಗಳವನ್ನು ನೆಟ್ಟು, ಆಗಾಗ ಕಿತ್ತು ಬಿಸಿಲಿಗೆ ಹಾಕಿ ಒಣಗಿಸಿ ಮತ್ತೆ ನೆಡುತ್ತ ಬಂದೆವು. ಮೊಟ್ಟೆಗಳು ಗಳಕ್ಕೆ ಸಾಲಾಗಿ ಅಂಟಿದ್ದನ್ನು ನಮ್ಮ ತಂದೆ ಬೆರಳಿನಿಂದ ಕೆರೆದು ನೋಡಿ, “ಇಷ್ಟಕ್ಕೆ ವಿಷ ಹಾಕಬೇಕಿತ್ತೇನೋ ಮಗಾ?” ಎಂದರು. ಹೇನು ಪೂರ್ತಿ ಹೋಗಲಿಲ್ಲ, ಆದರೆ ಕಡಿಮೆಯಾಯಿತು. ಇದರ ದಾಯಾದಿಯೊಂದು ಲಂಗರು ಹುಳು. ದಾರದ ತುಂಡಿನಂತೆ ಮೈಯಿಂದ ಜೋತಾಡುತ್ತದೆ. ತಲೆ ಮಾಂಸದೊಳಗೆ ಲಂಗರಿನಂತೆ ನಾಟಿರುವುದರಿಂದ ಎಳೆದರೆ ತುಂಡಾಗಿ ತಲೆ ಒಳಗೇ ಉಳಿದೀತು.

ಭಯಪಡಬೇಕಾದ ಗುರುತು ಬೇರೆ. ಮಳೆಗಾಲ ಕಳೆದು ಚಳಿ ಬೀಳುವಾಗ ಕೆಂಪು ಚುಕ್ಕೆಯಾಗಿ ತೊಡಗಿ, ಹುರುಪೆ ಉದುರಿ, ಒಳಗಿನ ಮಾಂಸ ಕಾಣುವಷ್ಟು ಆಳವಾದ ಹುಣ್ಣು ಹಲವು ಮೀನುಗಳಲ್ಲಿ ಒಟ್ಟಿಗೆ ಕಂಡರೆ ಅದು ಹುಣ್ಣುರೋಗವಿರಬಹುದು. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಈ ಪಿಡುಗಿಗೆ ಅಫನೊಮೈಸಿಸ್ ಇನ್ವಾಡನ್ಸ್ ಎಂಬ ಬೂಷ್ಟಿನಂಥ ಜೀವಿ ಕಾರಣ. ಗುರುತಿಸಲು ಒಂದು ಉಪಾಯವುಂಟು: ಸಾಮಾನ್ಯ ಗೆಂಡೆ ಈ ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ರೋಹುವಿಗೂ, ಕೆರೆಯಿಂದ ತಾನಾಗಿ ಬಂದ ಸಣ್ಣ ಮೀನಿಗೂ ಹುಣ್ಣಾಗಿ ಅದೇ ನೀರಿನಲ್ಲಿ ಗೆಂಡೆ ಚೆನ್ನಾಗಿದ್ದರೆ ಸಂಶಯ ಬಲವಾಗುತ್ತದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ಇದಕ್ಕೆ ಸಿಫಾಕ್ಸ್ ಎಂಬ ಔಷಧಿಯನ್ನು ಸಿದ್ಧಪಡಿಸಿದೆ; ಸುಣ್ಣವನ್ನೂ ಬಳಸುತ್ತಾರೆ. ಆದರೆ ಪ್ರಮಾಣವನ್ನು ನೀರಿನ ಅಳತೆ, ಗುಣಗಳನ್ನು ನೋಡಿ ಬಲ್ಲವರೇ ಹೇಳಬೇಕು.

ಅವರಲ್ಲಿಗೆ ಹೋಗುವಾಗ ಸತ್ತ ಮೀನನ್ನು ಒಯ್ಯಬಾರದು. ಸತ್ತ ಮೀನು ನಮ್ಮ ಸೆಕೆಯಲ್ಲಿ ಬೇಗ ಕೊಳೆಯುವುದರಿಂದ ರೋಗದ ಗುರುತು ಯಾವುದು, ಕೊಳೆತದ್ದು ಯಾವುದು ಎಂದು ತಿಳಿಯದು. ಗುರುತಿರುವ ಎರಡು ಮೂರು ಜೀವಂತ ಮೀನುಗಳನ್ನು ಹೊಂಡದ ನೀರಿರುವ ಬಕೆಟ್ಟಿನಲ್ಲಿ ಹಾಕಿ, ಬೇರೊಂದು ಸೀಸೆಯಲ್ಲಿ ಅದೇ ನೀರನ್ನು ತುಂಬಿಕೊಂಡು, ಬಿಸಿಲೇರುವ ಮುಂಚೆ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ತಲುಪಬೇಕು. ಬೆಳಗಿನ ಮೊದಲ ಬಸ್ಸಿನ ನಿರ್ವಾಹಕರು ಬಕೆಟ್ಟಿಗೂ ಟಿಕೆಟ್ ಕೇಳಿಯಾರು, ಕೊಟ್ಟುಬಿಡುವುದು ಲೇಸು.